ಬೇಸಗೆಯ ಗುಡುಗುಮಳೆ

ವೈಶಾಖದ ಮಧ್ಯಾಹ್ನ. ನೆಲ ಕಾದ ಹೆಂಚಿನಂತಾಗಿದೆ. ಮರದಲ್ಲಿ ಒಂದೆಲೆಯೂ ಅಲುಗದು. ದನಕರುಗಳು ನೆರಳನ್ನು ಬಿಟ್ಟು ಕದಲವು. ಅಷ್ಟರಲ್ಲಿ ಬಾನಂಚಿನಲ್ಲಿ ಕಾರ್ಮುಗಿಲೊಂದು ಮೇಲೇಳುತ್ತದೆ. ಧೂಳೆಬ್ಬಿಸುತ್ತ ಗಾಳಿ ನುಗ್ಗುತ್ತದೆ. ಮಿಂಚು ಹೊಳೆದು, ಗುಡುಗು ಮೊಳಗಿ, ದಪ್ಪ ಹನಿಗಳು ಬೀಳತೊಡಗುತ್ತವೆ. ಒಂದೆರಡು ಗಂಟೆಗಳಲ್ಲಿ ಎಲ್ಲವೂ ಮುಗಿದು ಮಣ್ಣಿನ ಕಂಪು ಉಳಿಯುತ್ತದೆ.

ಈ ಮಳೆ ಬಿಸಿಲಿನ ಕೂಸು. ಕಾದ ನೆಲಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ. ಕಡಲ ಕಡೆಯಿಂದ ಬಂದ ತೇವವೂ ಅದರೊಡನೆ ಏರುತ್ತದೆ. ಮೇಲೆ ಹೋದಂತೆ ಗಾಳಿ ತಣಿದು ಆವಿ ಹನಿಯಾಗುತ್ತದೆ. ಆಗ ಹೊರಬೀಳುವ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಬೆಳೆದ ಮೋಡದ ನೆತ್ತಿ 15 ಕಿಲೋಮೀಟರ್ ಎತ್ತರವನ್ನೂ ಮುಟ್ಟಬಹುದು. ಅದರ ಒಡಲಲ್ಲಿ ಹಿಮದ ಹರಳುಗಳೂ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುತ್ತು ಕೂಡಿಕೊಳ್ಳುತ್ತದೆ. ಅದು ನೆಲಕ್ಕೆ ಹರಿದಾಗ ಸಿಡಿಲೆನಿಸುತ್ತದೆ.

ಭಾರತದ ಉದ್ದಗಲಕ್ಕೂ ಜನರು ಈ ಬಿರುಮಳೆಯನ್ನು ಬಲ್ಲರು. ಬಂಗಾಳದಲ್ಲಿ ಅದು ಕಾಲ್‌ಬೈಶಾಖಿ, ಅಸ್ಸಾಮಿನಲ್ಲಿ ಬೊರ್ದೊಯಿಸಿಲಾ. ಕೊಡಗು, ಚಿಕ್ಕಮಗಳೂರುಗಳಲ್ಲಿ ಅದು ಕಾಫಿ ಗಿಡವನ್ನು ಅರಳಿಸುವ ಹೂಮಳೆ. ಬಯಲುಸೀಮೆಯ ರೈತನು ಭರಣಿ, ಕೃತ್ತಿಕೆಗಳ ಮಳೆಯನ್ನು ನೆಚ್ಚಿ ನೇಗಿಲು ಹೂಡುತ್ತಾನೆ.

ಆದರೆ ಅನ್ನ ಕೊಡುವ ಈ ಮಳೆಯೇ ಪ್ರಾಣವನ್ನೂ ತೆಗೆದುಕೊಳ್ಳುತ್ತದೆ. ದೇಶದಲ್ಲಿ ವರ್ಷವೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಹೊಲಗದ್ದೆಗಳಲ್ಲಿ ದುಡಿಯುವವರು. ಮಳೆಗೆ ಅಂಜಿ ಮರದಡಿಗೆ ಓಡುವುದೇ ಹಲವರಿಗೆ ಮುಳುವಾಗುತ್ತದೆ. ಮಿಂಚಿದ ಮೂರು ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು ಒಂದೇ ಕಿಲೋಮೀಟರ್ ದೂರದಲ್ಲಿ ಎರಗಿದೆ ಎಂದರ್ಥ. ಗುಡುಗು ಕಿವಿಗೆ ಬಿದ್ದೊಡನೆ ಗಟ್ಟಿಯಾದ ಮನೆಯನ್ನು ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಗೆ ಬರಬಾರದು.

ಎರಡನೆಯ ಅಪಾಯ ದಿಢೀರ್ ಪ್ರವಾಹ. ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಸುರಿದರೆ ಹವಾಮಾನ ಇಲಾಖೆ ಅದನ್ನು ಮೇಘಸ್ಫೋಟವೆನ್ನುತ್ತದೆ. ಆಗ ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಬೀಳುವ ನೀರು 10 ಕೋಟಿ ಲೀಟರ್! ಇಂಗಲು ಎಡೆಯಿಲ್ಲದ ನೀರು ತಗ್ಗನ್ನು ಹುಡುಕಿ ಧಾವಿಸುತ್ತದೆ. ಮಳೆಯೇ ಅಪರೂಪವಾದ ಲೇಹ್‌ನಲ್ಲಿ 2010ರ ಆಗಸ್ಟ್ 5ರ ನಡುರಾತ್ರಿಯ ಸುಮಾರಿಗೆ ಕೆಸರು ಕಲ್ಲುಗಳೊಡನೆ ನುಗ್ಗಿದ ನೀರು ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಕೊಚ್ಚಿಕೊಂಡು ಹೋಯಿತು. ಬೆಂಗಳೂರಿನಲ್ಲಿ 2023ರ ಮೇ 21ರಂದು ಬೇಸಗೆಯ ಮಳೆಯೊಂದು ರಸ್ತೆಯ ಕೆಳಸೇತುವೆಯನ್ನು ತುಂಬಿತು. ಅದನ್ನು ದಾಟಲೆತ್ನಿಸಿದ ಕಾರು ಮುಳುಗಿ ಒಬ್ಬರು ಪ್ರಾಣಬಿಟ್ಟರು.

ಮೇಲಿನ ಊರಿನಲ್ಲಿ ಸುರಿದ ಮಳೆ, ಹನಿಯೂ ಬೀಳದ ಕೆಳಗಿನ ಊರಿನ ಹಳ್ಳವನ್ನು ತುಂಬಿಸಬಲ್ಲದು. ರಭಸದ ನೀರು ಮೊಣಕಾಲಿನಷ್ಟಿದ್ದರೂ ಮನುಷ್ಯನನ್ನು ಕೆಡವುತ್ತದೆ. ಆದುದರಿಂದ ಹಳ್ಳ ತುಂಬಿದಾಗ ದಡದಲ್ಲಿ ಕಾಯುವುದು ಹೇಡಿತನವಲ್ಲ, ವಿವೇಕ.

ಹಿರಿಯರು ಕೆರೆಗಳನ್ನು ಕಟ್ಟಿ, ಒಂದರ ಕೋಡಿಯ ನೀರು ಇನ್ನೊಂದನ್ನು ಸೇರುವಂತೆ ಕಾಲುವೆಗಳನ್ನು ತೆಗೆದರು. ಆ ಕಾಲುವೆಗಳ ಮೇಲೆ ಮನೆ ಕಟ್ಟಿದರೆ ನೀರು ಮನೆಯನ್ನೇ ದಾರಿಯಾಗಿಸಿಕೊಳ್ಳುತ್ತದೆ. ಮಳೆಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ನೀರಿಗೆ ದಾರಿ ಬಿಡುವ ಬುದ್ಧಿಯಾದರೂ ಅವನಿಗಿರಬೇಕು.