ಡ್ಯಾಶ್‌ಬೋರ್ಡಿನ ಮೇಲೊಂದು ಹಸಿರು ದೀಪ

ಜಂಪರ್ ಕೇಬಲ್ ಡಿಕ್ಕಿಯಲ್ಲಿತ್ತು. ಡಿಕ್ಕಿ ತೆಗೆಯಲು ಕರೆಂಟ್ ಬೇಕಿತ್ತು. ಕರೆಂಟ್ ಇಲ್ಲದ್ದಕ್ಕೇ ಜಂಪರ್ ಕೇಬಲ್ ಬೇಕಾಗಿತ್ತು. ಮಾಘದ ಚಳಿಯಲ್ಲಿ, ಬೆಳಗಿನ ಐದೂವರೆಗೆ, ಸಿದ್ದಾಪುರ ತಾಲ್ಲೂಕಿನ ಒಂದು ತೋಟದ ಮನೆಯ ಅಂಗಳದಲ್ಲಿ, ರೇಷ್ಮೆ ಪಂಚೆ ಎತ್ತಿ ಕಟ್ಟಿ ಹಿಂದಿನ ಸೀಟಿನ ಬೆನ್ನು ಮಡಚಿ ಡಿಕ್ಕಿಯೊಳಗೆ ತೆವಳುತ್ತಿದ್ದ ಐವತ್ತೆರಡರ ಗೃಹಸ್ಥನೇ ಈ ಲೇಖಕ. ಮುಂದೆಲ್ಲ ಅವನನ್ನು ‘ಅವನು’ ಎಂದು ಕರೆಯುವುದೇ ಕ್ಷೇಮ.

ಅವನ ನೌಕರಿ ಬೆಂಗಳೂರಿನಲ್ಲಿ, ಸಣ್ಣ ಕಾರು ಊರಿನಲ್ಲಿ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಅದು ತಿಂಗಳುಗಟ್ಟಲೆ ನಿಂತಲ್ಲೇ ನಿಂತು ಒಂದು ಬ್ಯಾಟರಿ ಕಳೆದುಕೊಂಡಿತ್ತು. ಆಗಲೇ ಪೇಟೆಯ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದ್ದ: ‘ಹೋಗುವಾಗ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ ಸರ್.’ ಒಂದು ಸ್ಪ್ಯಾನರ್, ಎರಡು ನಿಮಿಷದ ಕೆಲಸ. ಇವನು ಒಪ್ಪಲಿಲ್ಲ. ಗಡಿಯಾರ ತಪ್ಪುತ್ತದೆ, ರೇಡಿಯೊದಲ್ಲಿ ಹೊಂದಿಸಿಟ್ಟ ಸ್ಟೇಷನ್‌ಗಳು ಅಳಿಸಿಹೋಗುತ್ತವೆ ಎಂಬುದು ಅವನ ವಾದ. ಆ ಊರಿನ ಗುಡ್ಡಗಳ ನಡುವೆ ಆ ರೇಡಿಯೊಗೆ ಸಿಗುತ್ತಿದ್ದುದು ಬರೀ ಗೊರಗೊರ.

ಏನೂ ಹಚ್ಚದ ಕಾರಿನ ಬ್ಯಾಟರಿ ಇಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಕಾರು ನಿದ್ದೆ ಮಾಡುವುದಿಲ್ಲ. ಕಳ್ಳರ ಅಲಾರಂ, ರಿಮೋಟಿನ ಕರೆಗೆ ಕಿವಿಗೊಟ್ಟು ಕೂತ ರಿಸೀವರ್, ಗಡಿಯಾರ, ಎಂಜಿನ್ ಕಂಪ್ಯೂಟರಿನ ನೆನಪು ಎಲ್ಲಕ್ಕೂ ಒಂದಿಷ್ಟು ಕರೆಂಟ್ ಬೇಕು. ಸುಮಾರು 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 0.72 ಆಂಪಿಯರ್ ಅವರ್. ಸಣ್ಣ ಕಾರಿನ 35 ಎಎಚ್ ಬ್ಯಾಟರಿ ಈ ಲೆಕ್ಕದಲ್ಲಿ 48 ದಿನಕ್ಕೆ ಬರಿದು. ಸೆಲ್ಫ್ ಹೊಡೆಯುವ ತಾಕತ್ತು ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ. ಇದರ ಮೇಲೆ ಬ್ಯಾಟರಿ ತನ್ನಷ್ಟಕ್ಕೇ ಸೋರುವುದು ಬೇರೆ. ಸೆಕೆ ಹೆಚ್ಚಿದಷ್ಟೂ ಆ ಸೋರಿಕೆಯೂ ಹೆಚ್ಚು.

ಹೀಗಾಗಿ ಸೌರಶಕ್ತಿ. ಬೆಂಗಳೂರಿನ ಅಂಗಡಿಯವನು ಕೊಟ್ಟದ್ದು 5 ವಾಟಿನ, ನೋಟ್‌ಬುಕ್ಕಿನಷ್ಟು ಅಗಲದ ಹಲಗೆ. ‘ಡ್ಯಾಶ್‌ಬೋರ್ಡ್ ಮೇಲಿಡಿ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿ, ಮರೆತುಬಿಡಿ’ ಎಂದ. ಮರೆತುಬಿಡಿ ಎಂದದ್ದನ್ನು ಮಾತ್ರ ಇವನು ಚಾಚೂ ತಪ್ಪದೆ ಪಾಲಿಸಿದ. ದೀಪಾವಳಿ ಮುಗಿಸಿ ಹೊರಡುವಾಗ ಕಾರನ್ನು ಬಿಸಿಲು ಬೀಳುವ ಅಂಗಳದ ಮೂಲೆಗೆ ನಿಲ್ಲಿಸಿ, ಹಲಗೆ ಇಟ್ಟು, ಬಾಗಿಲು ಹಾಕಿ ಬಸ್ಸು ಹತ್ತಿದ. ಹಲಗೆಯ ಮೂಲೆಯಲ್ಲೊಂದು ಹಸಿರು ದೀಪ. ಅದರ ಉಸ್ತುವಾರಿ ಭಾವನದು. ವಾರಕ್ಕೊಮ್ಮೆ ಫೋನು: ‘ದೀಪ ಮಿನುಗ್ತಾ ಇದ್ದು ಭಾವ, ಎಂತ ತೊಂದ್ರೆ ಇಲ್ಲೆ.’

ದೀಪ ಸುಳ್ಳು ಹೇಳಲಿಲ್ಲ. ಹಲಗೆಗೆ ಬಿಸಿಲು ಬಿದ್ದರೆ ಅದು ಮಿನುಗುತ್ತದೆ, ಅಷ್ಟೆ. ಅದರ ಕರೆಂಟ್ ಬ್ಯಾಟರಿ ಮುಟ್ಟುತ್ತಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಬಹಳಷ್ಟು ಕಾರುಗಳಲ್ಲಿ ಕೀಲಿ ತೆಗೆದ ಕೂಡಲೇ ಆ ಸಾಕೆಟ್ಟಿನ ಸಂಪರ್ಕ ಕಡಿದುಹೋಗುತ್ತದೆ. ಇವನದೂ ಅಂಥದೇ ಕಾರು. ಮೂರು ತಿಂಗಳು ಸೂರ್ಯ ಒಂದು ಮುಚ್ಚಿದ ಬಾಗಿಲು ತಟ್ಟುತ್ತಿದ್ದ. ಕೀಲಿ ತೆಗೆದ ಮೇಲೆ ಸಾಕೆಟ್ಟಿಗೆ ಒಂದು ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿದ್ದರೂ ಗೊತ್ತಾಗುತ್ತಿತ್ತು.

ಮದುವೆ ಶಿರಸಿಯ ಆಚೆ, ಚಿಕ್ಕಪ್ಪನ ಮಗಳದ್ದು. ರಿಮೋಟ್ ಒತ್ತಿದರೆ ಮೌನ. ಕೀಲಿ ತಿರುವಿ ಬಾಗಿಲೇನೋ ತೆಗೆದದ್ದಾಯಿತು. ಸೆಲ್ಫ್ ಹೊಡೆದರೆ ‘ಟಿಕ್’ ಎನ್ನುವಷ್ಟೂ ಉಸಿರಿಲ್ಲ. ಡಿಕ್ಕಿಗೆ ಕೀಲಿಯ ತೂತೇ ಇಲ್ಲ, ಬರೀ ಗುಂಡಿ; ಗುಂಡಿಗೆ ಬೇಕು ಬ್ಯಾಟರಿ. ತೆವಳಾಟ ಮುಗಿಸಿ ಕೇಬಲ್ ಹಿಡಿದು ಹೊರಬಂದಾಗ ಪಂಚೆಯ ಅಂಚಿಗೆ ಗ್ರೀಸ್ ಹತ್ತಿತ್ತು. ಅಷ್ಟರಲ್ಲಿ ಭಾವ ಪಕ್ಕದ ಮನೆಯ ಪಿಕಪ್ ತಂದು ಮೂಗಿಗೆ ಮೂಗು ತಾಗಿಸಿ ನಿಲ್ಲಿಸಿದ್ದ. ಟರ್ಮಿನಲ್‌ಗಳ ಮೇಲೆ ಬಿಳಿ-ಹಸಿರು ಹಿಟ್ಟು ಕಟ್ಟಿತ್ತು. ಕೆಂಪು ಟೋಪಿ ಎಂದೋ ಉದುರಿಹೋಗಿತ್ತು. ಪ್ಲಸ್ ಯಾವುದು, ಮೈನಸ್ ಯಾವುದು ಎಂಬುದು ಮೊಬೈಲಿನ ಬೆಳಕಿಗೆ ಕಾಣಲಿಲ್ಲ. ಬಟ್ಟೆಯಿಂದ ಒರೆಸಿ ನೋಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಕೊನೆಯ ಕ್ಲಿಪ್ ತಾಗಿದ್ದೇ ತಡ, ಹಬ್ಬದ ಪಟಾಕಿಯಂತೆ ಕಿಡಿ, ಸುಟ್ಟ ವಾಸನೆ. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು.

ಮೇನ್ ಫ್ಯೂಸ್ ಹೋಗಿತ್ತು. ಕ್ಲಿಪ್ ಹಚ್ಚಿದ್ದು ಭಾವ ಎಂದು ಇವನು. ಬೆರಳು ತೋರಿಸಿ ‘ಅದಕ್ಕೇ ಹಚ್ಚು’ ಎಂದದ್ದು ನೀನು ಎಂದು ಭಾವ. ಈ ವ್ಯಾಜ್ಯ ಇಂದಿಗೂ ಇತ್ಯರ್ಥವಾಗಿಲ್ಲ. ಮದುವೆಗೆ ಹೋದದ್ದು ಅದೇ ಪಿಕಪ್ಪಿನಲ್ಲಿ, ಹಿಂದೆ, ಖಾಲಿ ಅಡಿಕೆ ಚೀಲಗಳ ಮೇಲೆ ಕೂತು. ತಲುಪುವಷ್ಟರಲ್ಲಿ ಧಾರೆ ಮುಗಿದಿತ್ತು. ಚಿಕ್ಕಪ್ಪ ‘ಊಟಕ್ಕಾದರೂ ಬಂದ್ಯಲ್ಲ’ ಎಂದ.

ಇಂಥ ಹೊತ್ತಿಗೆ ನೆನಪಿರಬೇಕಾದ ಕ್ರಮ ಚಿಕ್ಕದು. ಮೊದಲು ಕೆಂಪು ಕೇಬಲ್ಲಿನಿಂದ ಎರಡು ಪ್ಲಸ್‌ಗಳನ್ನು ಸೇರಿಸಬೇಕು, ಆಮೇಲೆ ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಹಚ್ಚಬೇಕು. ಅದರ ಇನ್ನೊಂದು ತುದಿ ಇಳಿದ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿ ಉಗುಳುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದ: 4 ವೋಲ್ಟ್ ಚಿಲ್ಲರೆ. ‘ಇದರ ತಿಥಿಯೂ ಆಗಿಹೋಗಿದೆ ಸರ್’ ಎಂದ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ತೋರಿಸಬೇಕು, 12.2ಕ್ಕೆ ಅರ್ಧ ಖಾಲಿ. ಖಾಲಿಯಾಗುವಾಗ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ, ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಅಲ್ಲೇ ಮನೆ ಮಾಡುತ್ತದೆ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಮೊದಲ ಸೀಸ-ಆಮ್ಲದ ಬ್ಯಾಟರಿ ಕಟ್ಟಿದಂದಿನಿಂದ ಈ ಗುಣ ಬದಲಾಗಿಲ್ಲ. ಹೊಸ ಬ್ಯಾಟರಿಗೆ ನಾಲ್ಕು ಸಾವಿರದ ಮೇಲೆ ಬಿತ್ತು. ‘ಬಿಚ್ಚಿಟ್ಟು ಹೋಗಿ ಅಂದಿದ್ದೆ’ ಎಂಬ ಮಾತು ಬಿಲ್ಲಿನ ಜೊತೆ ಪುಕ್ಕಟೆ.

ಎರಡನೆಯ ಸಲ ಲೆಕ್ಕ ಹಾಕಿಯೇ ಕೊಂಡದ್ದು: 20 ವಾಟಿನ ಹಲಗೆ, ಶೆಡ್ಡಿನ ಮಾಡಿನ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ, ಮಳೆನೀರು ಜಾರುವಷ್ಟು ಓರೆಯಾಗಿ. ಪಾವಗಡದ ಸೋಲಾರ್ ಪಾರ್ಕು 2050 ಮೆಗಾವಾಟಿನದು. ಅದರ ಮುಂದೆ ಇದು ಸಾಸಿವೆ ಕಾಳು. ಆದರೆ ತುಂಬಬೇಕಾದದ್ದು ದಿನಕ್ಕೆ ಮುಕ್ಕಾಲು ಆಂಪಿಯರ್ ಅವರ್ ಮಾತ್ರ. ಒಳ್ಳೆಯ ಬಿಸಿಲಿಗೆ ಈ ಹಲಗೆ ಒಂದು ಆಂಪಿಯರಿಗಿಂತ ತುಸು ಹೆಚ್ಚು ಕೊಡುತ್ತದೆ. ಆಷಾಢದ ಮೋಡದಲ್ಲಿ ಹತ್ತರಲ್ಲೊಂದು ಪಾಲು ಎಂದರೂ ಎಂಟು ಗಂಟೆಗೆ ಸೋರಿದ್ದು ತುಂಬಿಬರುತ್ತದೆ. 10 ವಾಟಾಗಿದ್ದರೆ ಮಲೆನಾಡಿನ ಮಳೆಗಾಲಕ್ಕೆ ಸಾಲುತ್ತಿರಲಿಲ್ಲ.

ಹೊರೆಯಿಲ್ಲದಾಗ ‘12 ವೋಲ್ಟಿನ’ ಹಲಗೆ 21–22 ವೋಲ್ಟ್ ಏರುತ್ತದೆ. ಈ ಅಳತೆಯ ಹಲಗೆಯನ್ನು ತಿಂಗಳುಗಟ್ಟಲೆ ನೇರ ಬ್ಯಾಟರಿಗೆ ಹಚ್ಚಿಟ್ಟರೆ ಅದರ ನೀರು ಆರುತ್ತದೆ. ಅದಕ್ಕೆ ನಡುವೆ ಚಾರ್ಜ್ ಕಂಟ್ರೋಲರ್: ತುಂಬಿದ ಮೇಲೆ 13.7 ವೋಲ್ಟಿನ ಆಸುಪಾಸು ಹಿಡಿದಿಡುತ್ತದೆ, ರಾತ್ರಿ ಕರೆಂಟ್ ಹಲಗೆಗೆ ಹಿಮ್ಮುಖ ಹರಿಯದಂತೆ ತಡೆಯುತ್ತದೆ. ಅದಕ್ಕೆ ಮೊದಲು ಬ್ಯಾಟರಿಯ ತಂತಿ, ಆಮೇಲೆ ಹಲಗೆಯದು. ತಂತಿ ಹೋಗುವುದು ನೇರ ಟರ್ಮಿನಲ್‌ಗೆ. ಪ್ಲಸ್ಸಿನ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್.

ಈ ವ್ಯವಸ್ಥೆಗೆ ಎರಡು ಮಳೆಗಾಲ ಕಳೆದಿವೆ. ಭಾವ ಈಗ ಪ್ರತಿ ಭಾನುವಾರ ಕಂಟ್ರೋಲರಿನ ಅಂಕಿಯ ಫೋಟೊ ಕಳಿಸುತ್ತಾನೆ. ಕಳೆದ ಶ್ರಾವಣದಲ್ಲಿ ಅಂಕಿ 12.3ಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಇವನು ಮೋಡವನ್ನು, ಪಾಚಿಯನ್ನು, ಅಂಗಡಿಯವನನ್ನು ಬೈದುಕೊಂಡ. ಚೌತಿಗೆ ಊರಿಗೆ ಹೋಗಿ ಶೆಡ್ಡಿಗೆ ಇಣುಕಿದರೆ ಕಂಟ್ರೋಲರಿನ ಯುಎಸ್‌ಬಿ ತೂತಿನಲ್ಲಿ ಭಾವನ ಮೊಬೈಲು ತೂಗುತ್ತಿತ್ತು. ಮಳೆಗೆ ಮನೆಯ ಕರೆಂಟ್ ಹೋದಾಗಲೆಲ್ಲ ಅವನ ಚಾರ್ಜಿಂಗ್ ಅಲ್ಲೇ ನಡೆದಿತ್ತಂತೆ. ಫೋಟೊ ತೆಗೆದು ಕಳಿಸುತ್ತಿದ್ದುದೂ ಅದೇ ಮೊಬೈಲಿನಿಂದ.