ಫೋಲ್ಡರ್‌ನ ಪದಸೂಚಿ ಮತ್ತು ಸಂಶೋಧಕನ ಹೊಣೆ: ಭದ್ರಾವತಿಯ ಆಕರಗಳನ್ನು ಅನುಲಕ್ಷಿಸಿ

ಸಂಶೋಧನೆಯಲ್ಲಿ ಆಕರಗಳನ್ನು ಸಂಗ್ರಹಿಸುವುದು ಎಷ್ಟು ಮುಖ್ಯವೋ, ಬೇಕಾದಾಗ ಅವು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಹಿಂದಿನ ವಿದ್ವಾಂಸರು ಚೀಟಿಗಳಲ್ಲಿ ಟಿಪ್ಪಣಿ ಬರೆದು ಅಕಾರಾದಿಯಾಗಿ ಜೋಡಿಸಿಡುತ್ತಿದ್ದರು. ಇಂದು ಟಿಪ್ಪಣಿಗಳು ಕಂಪ್ಯೂಟರಿನ ಫೋಲ್ಡರ್‌ಗಳಿಗೆ ಬಂದಿವೆ. ಅಕಾರಾದಿ ಮಾತ್ರ ಹಿಂದೆಯೇ ಉಳಿದಿದೆ. ಕಮ್ಯಾಂಡ್ ಲೈನ್ ಮೂಲಕ ಅಂತಹ ಸೂಚಿಯನ್ನು ಸಿದ್ಧಪಡಿಸುವ ಕ್ರಮವನ್ನೂ ಕನ್ನಡದ ಸಂದರ್ಭದಲ್ಲಿ ಅದರ ಮಿತಿಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಲಿನಕ್ಸ್‌ನಲ್ಲಿ 'ಲೊಕೇಟ್' ಎಂಬ ಆದೇಶವು ಕಡತಗಳ ಹೆಸರನ್ನು ಮಾತ್ರ ಹುಡುಕುತ್ತದೆ. 'ಗ್ರೆಪ್' ಕಡತದೊಳಗಿನ ಪಠ್ಯವನ್ನು ನೋಡುತ್ತದೆಯಾದರೂ ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಓದಬೇಕಾಗುತ್ತದೆ. ಇದಕ್ಕಿಂತ ಭಿನ್ನವಾದುದು 'ರಿಕಾಲ್' ತಂತ್ರಾಂಶ. ಅದರ ಸಂಯೋಜನಾ ಕಡತದಲ್ಲಿ ಫೋಲ್ಡರ್‌ನ ಹೆಸರನ್ನು ಸೂಚಿಸಿ 'ರಿಕಾಲ್‌ಇಂಡೆಕ್ಸ್' ಎಂಬ ಆದೇಶವನ್ನು ನೀಡಿದರೆ, ಯಾವ ಪದ ಯಾವ ಕಡತದಲ್ಲಿದೆ ಎಂಬ ಸೂಚಿ ಸಿದ್ಧವಾಗುತ್ತದೆ. ಮರಳಿ ಅದೇ ಆದೇಶವನ್ನಿತ್ತಾಗ ಹೊಸ ಹಾಗೂ ಬದಲಾದ ಕಡತಗಳಷ್ಟೇ ಸೇರ್ಪಡೆಯಾಗುತ್ತವೆ. 'ರಿಕಾಲ್‌ಕ್ಯೂ' ಎಂಬ ಆದೇಶದ ಮುಂದೆ ಪದವನ್ನು ಕೊಟ್ಟರೆ ಉತ್ತರ ದೊರೆಯುತ್ತದೆ.

ಆದರೆ ಈ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು? ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನನ್ನ ಕ್ಷೇತ್ರಕಾರ್ಯದ ಫೋಲ್ಡರ್‌ನಲ್ಲಿ ಈ ಪದವನ್ನು ಹುಡುಕಿದಾಗ ಒಂದು ಕಡತವೂ ದೊರೆಯಲಿಲ್ಲ. ವಕ್ತೃಗಳ ಮಾತಿನಲ್ಲಿ ಹಳೆಯ ಹೆಸರು ಉಳಿದಿಲ್ಲವೆಂದು ಅಧ್ಯಾಯದ ಕರಡಿನಲ್ಲಿ ಬರೆದೂ ಆಗಿತ್ತು. ಅನಂತರ ಮುದ್ರಿತ ಪ್ರತಿಗಳನ್ನು ತಿರುವಿ ನೋಡಿದಾಗ ಹಿರಿಯರ ಮಾತಿನಲ್ಲಿ ಅದು ಮತ್ತೆ ಮತ್ತೆ ಬಂದಿರುವುದು ಕಂಡಿತು. ಆ ಟಿಪ್ಪಣಿಗಳನ್ನು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಲಾಗಿತ್ತು. ತೆರೆಯ ಮೇಲೆ ಕನ್ನಡವಾಗಿ ಕಾಣುವ ಅಂತಹ ಪಠ್ಯವು ಒಳಗೆ ರೋಮನ್ ಅಕ್ಷರಗಳ ಸಂಕೇತಗಳಾಗಿಯೇ ಇರುತ್ತದೆ. ಆದ್ದರಿಂದ ಅವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದ ಬಳಿಕವೇ ಸೂಚಿಗೆ ಸೇರಿಸಬೇಕು. ಬಿಂಬರೂಪದ ಪುಟಗಳಾದರೆ 'ಟೆಸರಾಕ್ಟ್‌'ನಂತಹ ತಂತ್ರಾಂಶದಿಂದ ಮೊದಲು ಪಠ್ಯವನ್ನು ಪಡೆಯಬೇಕು.

ಯೂನಿಕೋಡ್‌ನಲ್ಲಿಯೂ ತೊಡಕುಗಳಿವೆ. 'ಶಿವಮೊಗ್ಗ' ಎಂಬಲ್ಲಿನ ಒಕಾರವು ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿರಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಎಲ್ಲ ಕಡತಗಳನ್ನೂ 'ಎನ್‌ಎಫ್‌ಸಿ' ಎಂಬ ಏಕರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಇನ್ನು ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೆ ಅಂಟಿಕೊಳ್ಳುವುದರಿಂದ 'ಭದ್ರಾವತಿ' ಎಂದಷ್ಟೇ ಕೇಳಿದರೆ 'ಭದ್ರಾವತಿಯಲ್ಲಿ', 'ಭದ್ರಾವತಿಗೆ' ಎಂಬ ರೂಪಗಳು ತಪ್ಪಿಹೋಗಬಹುದು. ಪದದ ಕೊನೆಗೆ ನಕ್ಷತ್ರ ಚಿಹ್ನೆಯನ್ನಿಟ್ಟರೆ ಅವೂ ದೊರೆಯುತ್ತವೆ.

ಹೆಸರುಗಳ ಚರಿತ್ರೆಯಂತೂ ಯಂತ್ರಕ್ಕೆ ತಿಳಿಯದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟವು (1902) ಇಂಗ್ಲಿಷಿನಲ್ಲಿ 'ಶಿಮೊಗ' ಎನ್ನುತ್ತದೆ. ಇಂಗ್ಲಿಷಿನಲ್ಲಿಯೂ 'ಶಿವಮೊಗ್ಗ' ಎಂಬ ರೂಪ ಅಧಿಕೃತವಾದುದು 2014ರಲ್ಲಿ. ಮೈಸೂರು ಕಬ್ಬಿಣದ ಕಾರ್ಖಾನೆಯೇ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. ಇಂತಹ ಪರ್ಯಾಯ ನಾಮಗಳ ಪಟ್ಟಿಯನ್ನು ಸಂಶೋಧಕನೇ ಸಿದ್ಧಪಡಿಸಿ ಒಂದೊಂದನ್ನೂ ಹುಡುಕಬೇಕಾಗುತ್ತದೆ.

ಒಟ್ಟಾರೆಯಾಗಿ, ಸೂಚಿಯ ಮೌನವನ್ನು ಆಕರದ ಮೌನವೆಂದು ಭಾವಿಸಲಾಗದು. 'ಇದೆ' ಎಂದು ಸೂಚಿ ಹೇಳಿದರೆ ಪುಟವನ್ನು ತೆರೆದು ನೋಡಬಹುದು. 'ಇಲ್ಲ' ಎಂದಾಗ, ಆ ಪದ ಇದ್ದೇ ಇದೆಯೆಂದು ತಿಳಿದಿರುವ ಕಡತವೊಂದರಲ್ಲಿ ಮೊದಲು ಸೂಚಿಯನ್ನೇ ಪರೀಕ್ಷಿಸಬೇಕು. ಪ್ರಬಂಧದಲ್ಲಿ 'ಉಲ್ಲೇಖವಿಲ್ಲ' ಎಂದು ಬರೆಯುವ ಹಕ್ಕು ಅದಾದ ಮೇಲಷ್ಟೇ ದೊರೆಯುತ್ತದೆ.