ಲೂಪ್ ದೊಡ್ಡದಾದಾಗ ಸ್ಕ್ರಿಪ್ಟ್ ಬಿದ್ದರೆ

ನೂರು ಫೈಲುಗಳಿಗೆ ಸಲೀಸಾಗಿ ಓಡುವ ಬ್ಯಾಶ್ ಸ್ಕ್ರಿಪ್ಟ್ ಲಕ್ಷ ಫೈಲು ಕೊಟ್ಟೊಡನೆ ಕುಸಿದರೆ, ಗಾಬರಿಯಲ್ಲಿ ಇಡೀ ಕೋಡ್ ತಿದ್ದಲು ಹೊರಡಬೇಡಿ. ಮೊದಲು ಎಕ್ಸಿಟ್ ಕೋಡ್ ನೋಡಿ. 137 ಬಂದಿದ್ದರೆ ಸ್ಕ್ರಿಪ್ಟನ್ನು ಹೊರಗಿನಿಂದ ಕೊಲ್ಲಲಾಗಿದೆ ಎಂದರ್ಥ. ಹೆಚ್ಚಾಗಿ ಇದು ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಮಾಡುವ ಕೆಲಸ. ಕರ್ನಲ್ ಲಾಗ್‌ನಲ್ಲಿ ಅದರ ಗುರುತು ಸಿಗುತ್ತದೆ. 139 ಬಂದರೆ, ಫಂಕ್ಷನ್ ಒಂದು ಕೊನೆಯಿಲ್ಲದೆ ತನ್ನನ್ನೇ ಕರೆಯುತ್ತಿದೆಯೇ ಎಂದು ಹುಡುಕಿ.

ಮೆಮೊರಿ ತಿನ್ನುವ ಕಳ್ಳ ಸಾಮಾನ್ಯವಾಗಿ ಲೂಪಿನ ಮೊದಲ ಸಾಲಿನಲ್ಲೇ ಇರುತ್ತಾನೆ. ಕರ್ಲಿ ಬ್ರಾಕೆಟ್‌ನೊಳಗೆ ಒಂದರಿಂದ ಒಂದು ಕೋಟಿವರೆಗೆ ಎಂದು ಬರೆದರೆ, ಮೊದಲ ಸುತ್ತಿಗೂ ಮುನ್ನವೇ ಬ್ಯಾಶ್ ಅಷ್ಟೂ ಸಂಖ್ಯೆಗಳನ್ನು ಮೆಮೊರಿಯಲ್ಲಿ ಹರಡಿಕೊಳ್ಳುತ್ತದೆ. ಅದರ ಬದಲು ಸಿ ಶೈಲಿಯ ಫಾರ್ ಲೂಪ್ ಬಳಸಿ. ದೊಡ್ಡ ಫೈಲನ್ನು ಕ್ಯಾಟ್ ಮಾಡಿ ಫಾರ್‌ಗೆ ಸುರಿಯಬೇಡಿ. ವೈಲ್ ರೀಡ್‌ನಿಂದ ಸಾಲು ಸಾಲಾಗಿ ಓದಿ. ಮದುವೆ ಊಟವನ್ನು ಪಂಕ್ತಿ ಪಂಕ್ತಿಯಾಗಿ ಬಡಿಸಿದ ಹಾಗೆ.

‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂಬ ದೂರು ಬಂದರೆ ಕಾರಣ ಬೇರೆ. ಒಂದು ಕಮಾಂಡಿಗೆ ಒಮ್ಮೆಗೆ ಕೊಡಬಹುದಾದ ಹೆಸರುಗಳಿಗೆ ಮಿತಿಯಿದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸುಮಾರು 2 ಎಂಬಿ. ಫೈಂಡ್ ಜೊತೆ ಎಕ್ಸ್‌ಆರ್ಗ್ಸ್ ಸೇರಿಸಿದರೆ ಪಟ್ಟಿ ತಾನಾಗಿ ತುಂಡಾಗುತ್ತದೆ. ಫೋರ್ಕ್ ಮಾಡಲಾಗುತ್ತಿಲ್ಲ ಎಂದರೆ, ಪ್ರತಿ ಸುತ್ತಿನಲ್ಲೂ ಆಂಪರ್‌ಸ್ಯಾಂಡ್ ಹಾಕಿ ಹಿನ್ನೆಲೆಗೆ ತಳ್ಳಿದ ಕೆಲಸಗಳು ರಾಶಿ ಬಿದ್ದಿರಬಹುದು. ಕೆಲವು ಮುಗಿಯುವವರೆಗೆ ವೇಟ್ ಕೊಟ್ಟು ತಡೆಯಿರಿ.

ಪರೀಕ್ಷೆಯನ್ನು ಸಾವಿರ, ಹತ್ತು ಸಾವಿರ, ಲಕ್ಷ ಎಂದು ಮೆಟ್ಟಿಲೇರಿಸಿ, ಪ್ರತಿ ಹಂತದಲ್ಲೂ ಟಾಪ್‌ನಲ್ಲಿ ಮೆಮೊರಿ ಗಮನಿಸಿ. ಅದು ಸುತ್ತಿಗೆ ತಕ್ಕಂತೆ ಏರುತ್ತಲೇ ಹೋದರೆ, ಸರ್ವರ್‌ಗೆ ರ‍್ಯಾಮ್ ಕೇಳುವ ಮುನ್ನ ಲೂಪನ್ನು ಸರಿಪಡಿಸಿ.